ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಳ್ಳೋದಾ, ಸ್ವಂತಕ್ಕೇ ಕೊಳ್ಳೋದಾ?

ಪ್ರಶ್ನೆ: ನಾವು ಗಂಡ, ಹೆಂಡತಿ, ಆರು ವರ್ಷದ ಮಗಳು. ಹೋದ ವರ್ಷ ಬೇಸಿಗೆಯಲ್ಲಿ ನಾಲ್ಕು ದಿನ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಅಂದ್ರೆ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಸುತ್ತಾಡಿದೆವು. ಮೂವರಿಗೂ ತುಂಬಾ ಹಿಡಿಸಿತು. ಈಗ 11 ವರ್ಷ ಹಳೆಯ ಗಾಡಿಯೊಂದು ಮಾರಾಟಕ್ಕೆ ಬಂದಿದೆ. ಬಾಡಿಗೆ ಅಂದ್ರೆ ಸುಮ್ನೆ ಹೋಗೋ ದುಡ್ಡು, ಸ್ವಂತದ್ದೇ ತಗೊಳ್ಳೋಣ ಅಂತಾರೆ ನನ್ನ ಯಜಮಾನರು. ನನಗೆ ಧೈರ್ಯ ಸಾಲುತ್ತಿಲ್ಲ. ನಮಗೆ ವರ್ಷಕ್ಕೆ ಸಿಗುವುದು ನಾಲ್ಕು ವಾರ ರಜೆ. ಇನ್ನೊಂದು ಪಾರ್ಟಿ ಕಾಯುತ್ತಿದೆ, ಭಾನುವಾರದೊಳಗೆ ಹೇಳಿ ಅಂತಿದ್ದಾರೆ ಮಾರುವವರು. ಏನು ಮಾಡಲಿ?

ಉತ್ತರ: ಮೊದಲು ಭಾನುವಾರದ ಮಾತು. ಆ ಗಡುವನ್ನು ತಲೆಯಿಂದ ತೆಗೆದುಹಾಕಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಳೆಯ ಕ್ಯಾಂಪರ್‌ವ್ಯಾನ್ ಕೊಳ್ಳುವಾಗ ಆ ಮಾತು ಅಕ್ಷರಶಃ ನಿಜ. ಇಂಥ ಗಾಡಿಗಳು ಮತ್ತೆ ಮತ್ತೆ ಮಾರಾಟಕ್ಕೆ ಬರುತ್ತವೆ. ಇದು ಹೋದರೆ ಇನ್ನೊಂದು ಸಿಗುತ್ತದೆ.

ಈಗ ನನ್ನ ಅಭಿಪ್ರಾಯ. ಈ ವರ್ಷ ಕೊಳ್ಳಬೇಡಿ. ಇನ್ನೊಂದು ಸಲ ಬಾಡಿಗೆಗೆ ತಗೊಳ್ಳಿ, ಆದರೆ ಹೋದ ವರ್ಷದ ಹಾಗಲ್ಲ. ಹೇಗೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ, ಅದನ್ನು ತಳ್ಳಿಹಾಕುವುದಿಲ್ಲ. ನಿಮ್ಮ ಮನೆಯ ಲೆಕ್ಕ ಹಾಕಿ ನೋಡಿದರೆ ಅದು ಕೊಳ್ಳುವ ಕಡೆಗೂ ವಾಲಬಹುದು.

ಲೆಕ್ಕ ಶುರುವಾಗುವುದು ರಾತ್ರಿಗಳಿಂದ. ವರ್ಷಕ್ಕೆ ಎಷ್ಟು ರಾತ್ರಿ ನೀವು ಗಾಡಿಯಲ್ಲಿ ಮಲಗುತ್ತೀರಿ? ನಾಲ್ಕು ವಾರ ಅಂದರೆ 28 ರಾತ್ರಿ ಅಂತ ಬರೆಯಬೇಡಿ. ಹೋದ ವರ್ಷದ ಕ್ಯಾಲೆಂಡರ್ ತೆಗೆದು ಅಡಿಗೆಮನೆ ಮೇಜಿನ ಮೇಲೆ ಇಡಿ. ರಜೆ ಹಾಕಿದ ದಿನಗಳಿಗೆಲ್ಲ ಒಂದು ಗುರುತು ಹಾಕಿ. ಆಮೇಲೆ ನೆಂಟರ ಮನೆ ಕಾರ್ಯಕ್ಕೆ ಹೋದದ್ದು, ಮಗಳಿಗೆ ಜ್ವರ ಬಂದದ್ದು, ಮನೆ ರಿಪೇರಿಗೆ ಕೂತದ್ದು, ಇವನ್ನೆಲ್ಲ ಹೊಡೆದುಹಾಕಿ. ಉಳಿದದ್ದು ನಿಮ್ಮ ನಿಜವಾದ ರಾತ್ರಿಗಳು. ಅದಕ್ಕೆ ವಾರಾಂತ್ಯಗಳನ್ನು ಸೇರಿಸಿ. ಆದರೆ ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದು, ಸಾಮಾನು ತುಂಬಿಕೊಂಡು ಹೊರಡುವ ಉತ್ಸಾಹ ಇರುವ ವಾರಾಂತ್ಯಗಳನ್ನು ಮಾತ್ರ. ನನ್ನ ಹತ್ತಿರ ಕೇಳಲು ಬಂದವರಲ್ಲಿ ಹೆಚ್ಚಿನವರು ಮೊದಲು 60 ಅಂತಾರೆ. ಕ್ಯಾಲೆಂಡರ್ ನೋಡಿದ ಮೇಲೆ 20ರ ಹತ್ತಿರ ಬಂದು ನಿಲ್ಲುತ್ತಾರೆ.

ಇನ್ನು ದುಡ್ಡು. ಬಾಡಿಗೆ ಕೊಟ್ಟರೆ ಹೋಗುವ ದುಡ್ಡು ಕಣ್ಣಿಗೆ ಕಾಣುತ್ತದೆ. ಸ್ವಂತ ಗಾಡಿಯಲ್ಲಿ ಹೋಗುವ ದುಡ್ಡು ಕಾಣುವುದಿಲ್ಲ, ಅಷ್ಟೆ. ಗಾಡಿ ಮನೆ ಮುಂದೆ ನಿಂತಿರುವಾಗಲೂ ಅದರ ಬೆಲೆ ಇಳಿಯುತ್ತಲೇ ಇರುತ್ತದೆ. ಇನ್ಶೂರೆನ್ಸ್, ತೆರಿಗೆ, ಸರ್ವೀಸು, ನಿಲ್ಲಿಸುವ ಜಾಗದ ಬಾಡಿಗೆ ನಿಲ್ಲುವುದಿಲ್ಲ. ಅಷ್ಟು ದುಡ್ಡು ಗಾಡಿಯಲ್ಲಿ ಸಿಕ್ಕಿಹಾಕಿಕೊಂಡಿರುವುದರಿಂದ ಕೈ ತಪ್ಪಿದ ಬಡ್ಡಿಯೂ ಇದೆ. ಸಾಲ ಮಾಡಿದ್ದರೆ ಕೈಯಾರೆ ಕಟ್ಟುವ ಬಡ್ಡಿ. ಇಂಧನ ಮತ್ತು ಕ್ಯಾಂಪ್ ಜಾಗದ ಶುಲ್ಕ ಎರಡೂ ಕಡೆ ಒಂದೇ, ಅದನ್ನು ಲೆಕ್ಕಕ್ಕೆ ತರುವುದೇ ಬೇಡ.

ಒಂದು ಉದಾಹರಣೆ ಹಾಕೋಣ. ನೀವು ನೋಡಿದ ಗಾಡಿಯಂಥದ್ದೇ ಹೊಸದಕ್ಕೆ ಬೆಲೆ 100 ಅಂತ ಇಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು, ನಿಮ್ಮ ಅಂಕಿಗಳನ್ನು ನೀವೇ ತುಂಬಬೇಕು. ಹೊಸ ಗಾಡಿ 100ಕ್ಕೆ ಕೊಂಡು ಐದು ವರ್ಷದ ಮೇಲೆ 60ಕ್ಕೆ ಮಾರಿದರೆ ವರ್ಷಕ್ಕೆ ಹೋದದ್ದು 8. ಇನ್ಶೂರೆನ್ಸ್, ತೆರಿಗೆ 2. ಸರ್ವೀಸು, ಟೈರು 2. ಜಾಗಕ್ಕೆ 1. ಬಡ್ಡಿ 4. ಒಟ್ಟು ವರ್ಷಕ್ಕೆ 17. ಬಾಡಿಗೆ ಗಾಡಿಗೆ ಒಂದು ರಾತ್ರಿಗೆ 0.25 ಅಂತಾದರೆ, 17ನ್ನು 0.25ರಿಂದ ಭಾಗಿಸಿ. 68 ಬರುತ್ತದೆ. ಅಂದರೆ ವರ್ಷಕ್ಕೆ 68 ರಾತ್ರಿ ಮಲಗಿದರೆ ಮಾತ್ರ ಹೊಸ ಗಾಡಿ ಬಾಡಿಗೆಗೆ ಸಮ. ನಾಲ್ಕು ವಾರ ರಜೆ ಇರುವವರಿಗೆ ಹೊಸ ಗಾಡಿ ದುಡ್ಡಿನ ಲೆಕ್ಕದಲ್ಲಿ ಗಿಟ್ಟುವುದೇ ಇಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ.

ಹಳೆಯದರ ಕಥೆ ಬೇರೆ. 35ಕ್ಕೆ ಕೊಂಡು ಐದು ವರ್ಷದ ಮೇಲೆ 25ಕ್ಕೆ ಮಾರಿದರೆ ವರ್ಷಕ್ಕೆ ಹೋದದ್ದು ಬರೀ 2. ಬೆಲೆ ಇಳಿಯುವ ನೋವನ್ನು ಮೊದಲ ಮಾಲೀಕರೇ ತಿಂದಿರುತ್ತಾರೆ. ಇನ್ಶೂರೆನ್ಸ್, ತೆರಿಗೆ 1.5. ಜಾಗ 1. ಬಡ್ಡಿ 1.5. ರಿಪೇರಿ ಜಾಸ್ತಿ, 4 ಅನ್ನೋಣ. ಒಟ್ಟು 10. ಅದೇ 0.25ರಿಂದ ಭಾಗಿಸಿದರೆ 40 ರಾತ್ರಿ.

ಇಲ್ಲೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ನಿಮಗೆ ಅದೇ ದೊಡ್ಡದು. ಮಗಳಿಗೆ ಆರು ವರ್ಷ. ಇನ್ನು ಹತ್ತು ಹನ್ನೆರಡು ವರ್ಷ ನೀವು ಶಾಲೆಯ ರಜೆಯಲ್ಲಿ ಮಾತ್ರ ಹೊರಡಬಲ್ಲಿರಿ. ಬಾಡಿಗೆ ಗಗನಕ್ಕೇರುವುದೂ ಅದೇ ವಾರಗಳಲ್ಲಿ, ಗಾಡಿ ಸಿಗದೆ ಹೋಗುವುದೂ ಆಗಲೇ. ರಜೆ ಕಾಲದ ಬಾಡಿಗೆ ರಾತ್ರಿಗೆ 0.4 ಅಂತ ಹಿಡಿದರೆ, ಹಳೆಯ ಗಾಡಿ 25 ರಾತ್ರಿಗೇ ಬಾಡಿಗೆಗೆ ಸಮ ಆಗಿಬಿಡುತ್ತದೆ. ನಿಮ್ಮ ಯಜಮಾನರ ವಾದಕ್ಕೆ ಜೀವ ಬರುವುದು ಇಲ್ಲಿ.

ಹಾಗಾದರೆ ಕೊಳ್ಳಿ ಅಂತ ಯಾಕೆ ಹೇಳುತ್ತಿಲ್ಲ? ಆ ಲೆಕ್ಕದಲ್ಲಿ ರಿಪೇರಿಗೆ ಅಂತ ಇಟ್ಟ 4 ಇದೆಯಲ್ಲ, ಅದಕ್ಕಾಗಿ. ಅದು 8 ಆದರೆ 25 ರಾತ್ರಿ ಹೋಗಿ 35 ಆಗುತ್ತದೆ. ಅದು 4ಕ್ಕೇ ನಿಲ್ಲುತ್ತದೋ, 8 ಆಗುತ್ತದೋ, 15 ಆಗುತ್ತದೋ ಅನ್ನುವುದು ಆ ಗಾಡಿಯ ಗೋಡೆಯೊಳಗೆ ನೀರು ಸೇರಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ಮನೆ ಕಟ್ಟಿ ನೋಡು ಅಂತಾರಲ್ಲ, ಕ್ಯಾಂಪರ್‌ವ್ಯಾನ್ ಕೊಳ್ಳುವುದು ಮನೆಯನ್ನೂ ಗಾಡಿಯನ್ನೂ ಒಟ್ಟಿಗೆ ಕೊಂಡ ಹಾಗೆ. ಗಾಡಿಯ ಭಾಗವನ್ನು ಯಾವ ಒಳ್ಳೆ ಮೆಕ್ಯಾನಿಕ್ ಆದರೂ ನೋಡಿ ಹೇಳುತ್ತಾರೆ. ಮನೆಯ ಭಾಗವನ್ನು ನೋಡಲು ಬಹಳ ಜನಕ್ಕೆ ಬರುವುದಿಲ್ಲ. ಓಡೋಮೀಟರ್ ಕಡಿಮೆ ಇದೆ ಅಂತ ಎಲ್ಲರೂ ಖುಷಿಪಡುತ್ತಾರೆ. ಕ್ಯಾಂಪರ್‌ವ್ಯಾನ್‌ಗೆ ಕಿಲೋಮೀಟರ್‌ಗಿಂತ ನೀರೇ ದೊಡ್ಡ ಶತ್ರು. ಚಾವಣಿಯ ಜೋಡಣೆ, ಕಿಟಕಿಯ ಚೌಕಟ್ಟು, ಮೇಲಿನ ಗಾಳಿಕಿಂಡಿ, ದೀಪಕ್ಕೋ ಸೋಲಾರ್ ಫಲಕಕ್ಕೋ ಕೊರೆದ ತೂತು, ಇವುಗಳ ಸುತ್ತ ನೀರು ಇಳಿಯದಂತೆ ಹಚ್ಚಿದ ಅಂಟು, ಅಂದರೆ ಸೀಲಂಟ್, ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ. ರಸ್ತೆಯಲ್ಲಿ ಇಡೀ ಮನೆ ಅಲುಗಾಡುತ್ತಿರುತ್ತದಲ್ಲ, ಬಿರುಕು ಬರದೆ ಇರುತ್ತದೆಯೇ?

ನನಗೇ ಆದದ್ದು ಹೇಳುತ್ತೇನೆ. ನಾನು ಕೊಂಡ ಮೊದಲ ಗಾಡಿಯನ್ನು ಒಳ್ಳೆ ಬಿಸಿಲಿನ ದಿನ ನೋಡಿದ್ದೆ. ಒಳಗೆ ನಿಂಬೆ ವಾಸನೆಯ ಸ್ಪ್ರೇ ಹೊಡೆದಿದ್ದರು. ಎಷ್ಟು ಸ್ವಚ್ಛ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. ಎಂಟು ತಿಂಗಳ ಮೇಲೆ ಮೂರು ದಿನ ಬಿಡದೆ ಮಳೆ ಬಂತು. ಒಳಗೆ ಮುಗ್ಗಲು ವಾಸನೆ. ಹಿಂದಿನ ಮೂಲೆಯ ಕುಶನ್ ಎತ್ತಿ ನೋಡಿದೆ. ಗೋಡೆಗೆ ಅಂಟಿಸಿದ್ದ ಹೊದಿಕೆ ಚೆನ್ನಾಗಿಯೇ ಕಾಣುತ್ತಿತ್ತು. ಹೆಬ್ಬೆರಳಿನಲ್ಲಿ ಒತ್ತಿದೆ. ನೆನೆದ ಬಿಸ್ಕತ್ತಿನ ಹಾಗೆ ಒಳಕ್ಕೆ ಹೋಯಿತು. ಸ್ಕ್ರೂ ಬಿಚ್ಚಿ ಹಲಗೆ ತೆಗೆದರೆ, ಒಳಗಿನ ಮರದ ಪಟ್ಟಿ ಕಪ್ಪಾಗಿತ್ತು, ಚಮಚದಲ್ಲಿ ಕೆರೆದರೆ ಕಿತ್ತು ಬರುತ್ತಿತ್ತು. ನೀರು ಬರುತ್ತಿದ್ದದ್ದು ಮೇಲಿನ ದೀಪದ ಪಕ್ಕದ ಒಂದು ಬಿರುಕಿನಿಂದ. ಅದರ ಉದ್ದ ನನ್ನ ಉಗುರಿನಷ್ಟು. ಗೋಡೆ ಬಿಚ್ಚಿ ಹೊಸ ಮರ ಹಾಕಿಸಲು ಗಾಡಿ ಕೊಂಡ ಬೆಲೆಯ ಕಾಲು ಭಾಗ ಹೋಯಿತು. ಎರಡು ರಜೆ ಹೋದದ್ದು ಬೇರೆ. ಅಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡದೆ ನಾನು ಯಾವ ಗಾಡಿಯ ಬಗ್ಗೆಯೂ ಮಾತಾಡುವುದಿಲ್ಲ.

ನೀವು ನೋಡಿದ ಗಾಡಿಯ ಮನೆಯನ್ನು ಮರದ ಚೌಕಟ್ಟಿನ ಮೇಲೆ ಕಟ್ಟಿದ್ದಾರೋ, ಕಬ್ಬಿಣದ ವ್ಯಾನ್ ಒಳಗೇ ಮಾಡಿದ್ದಾರೋ ನೀವು ಬರೆದಿಲ್ಲ. ವ್ಯಾನ್ ಒಳಗೇ ಮಾಡಿದ್ದರೆ ಮರ ಕೊಳೆಯುವ ಭಯ ಕಡಿಮೆ, ತುಕ್ಕಿನ ಭಯ ಜಾಸ್ತಿ. ಎರಡಕ್ಕೂ ಪರೀಕ್ಷೆ ಒಂದೇ ರೀತಿ ಶುರುವಾಗುತ್ತದೆ. ಮಳೆ ಬಂದ ಮಾರನೇ ದಿನ ಹೋಗಿ. ಬಾಗಿಲು ತೆರೆದ ಕೂಡಲೇ ವಾಸನೆ ನೋಡಿ. ಕುಶನ್ ಎಲ್ಲ ಎತ್ತಿ, ಬೀರುಗಳ ಒಳಮೂಲೆಗೆ ಟಾರ್ಚ್ ಬಿಡಿ, ಕಿಟಕಿಗಳ ಕೆಳಗೆ ಒತ್ತಿ ನೋಡಿ. ತೇವ ಅಳೆಯುವ ಮೀಟರ್ ಇರುವವರನ್ನು ದುಡ್ಡು ಕೊಟ್ಟಾದರೂ ಕರೆದುಕೊಂಡು ಹೋಗಿ. ಸಾಮಾನ್ಯವಾಗಿ 15% ಒಳಗೆ ಇದ್ದರೆ ಒಣ ಅಂತ ಲೆಕ್ಕ. 20 ದಾಟಿದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಲೇಬೇಕು. 30 ತೋರಿಸಿದರೆ ಗೋಡೆಗೆ ಒಳಗಿಂದ ಪೆಟ್ಟು ಬಿದ್ದಿರುವ ಸಾಧ್ಯತೆಯೇ ಹೆಚ್ಚು, ನಮಸ್ಕಾರ ಹೇಳಿ ಬನ್ನಿ.

ಟೈರ್ ಚೆನ್ನಾಗಿದೆ, ಮೇಲಿನ ಗೀರುಗಳು ಇನ್ನೂ ಆಳ ಇವೆ ಅಂತಾರೆ. ಕ್ಯಾಂಪರ್‌ವ್ಯಾನ್ ಟೈರು ಸವೆದು ಹೋಗುವುದಕ್ಕಿಂತ ನಿಂತು ನಿಂತು ಹಳತಾಗಿ ಹೋಗುವುದೇ ಜಾಸ್ತಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ (ಒಳಗಿನ ಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಪಟ್ಟಿ) ಇದ್ದರೆ ಅದಕ್ಕೂ ಕಿಲೋಮೀಟರ್ ಜೊತೆಗೆ ವರ್ಷದ ಲೆಕ್ಕ ಇರುತ್ತದೆ, ಬದಲಾಯಿಸಿದ ಬಿಲ್ ತೋರಿಸಲಿ. ಮನೆಯ ಭಾಗಕ್ಕೆ ಕರೆಂಟ್ ಕೊಡುವ ಬ್ಯಾಟರಿಯನ್ನೂ ಬಿಡಬೇಡಿ. ಸೀಸದ ಬ್ಯಾಟರಿ ಖಾಲಿಯಾಗಿಯೇ ತಿಂಗಳುಗಟ್ಟಲೆ ನಿಂತಿದ್ದರೆ ಅದು ಸತ್ತ ಹಾಗೆಯೇ.

ಇನ್ನು ಸೀಟು. ಇದನ್ನು ತಾಯಿ ತಂದೆಗೆ ಒತ್ತಿ ಹೇಳಲೇಬೇಕು. ನಾಲ್ಕು ಜನ ಮಲಗಬಹುದು ಅಂತ ಬರೆದಿದ್ದರೆ ನಾಲ್ಕು ಜನ ಬೆಲ್ಟ್ ಹಾಕಿಕೊಂಡು ಕೂರಬಹುದು ಅಂತ ಅರ್ಥ ಅಲ್ಲ. ಹಳೆಯ ಗಾಡಿಗಳಲ್ಲಿ ಹಿಂದೆ ಪಕ್ಕಕ್ಕೆ ಮುಖ ಮಾಡಿದ ಸೋಫಾ ಇರುತ್ತದೆ, ಅದಕ್ಕೊಂದು ಸೊಂಟದ ಪಟ್ಟಿ. ಮಕ್ಕಳ ಸೀಟನ್ನು ಅದರ ಮೇಲೆ ಕಟ್ಟಬಾರದು. ನಿಮ್ಮ ಮಗಳಿಗೆ ಮುಂದಕ್ಕೆ ಮುಖ ಮಾಡಿದ, ಭುಜಕ್ಕೂ ಸೊಂಟಕ್ಕೂ ಬೆಲ್ಟ್ ಬರುವ ಸೀಟೇ ಬೇಕು. ನೋಡಲು ಹೋಗುವಾಗ ಕಾರಿನಲ್ಲಿರುವ ಅವಳ ಸೀಟನ್ನು ಎತ್ತಿಕೊಂಡು ಹೋಗಿ, ಅಲ್ಲೇ ಕಟ್ಟಿ ನೋಡಿ. ಕೂರದಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ ಅದು ನಿಮ್ಮದಲ್ಲ.

ತೂಕದ ಕಡೆಗೂ ಒಂದು ಕಣ್ಣಿಡಿ. ಯುರೋಪಿನ ಬಹಳ ದೇಶಗಳಲ್ಲಿ ಕಾರಿನ ಲೈಸೆನ್ಸಿನಲ್ಲಿ 3500 ಕೆಜಿ ತನಕದ ಗಾಡಿ ಓಡಿಸಬಹುದು, ಅದಕ್ಕೇ ಅನೇಕ ಕ್ಯಾಂಪರ್‌ಗಳನ್ನು ಆ ಗೆರೆಗೆ ಸರಿಯಾಗಿ ಮಾಡಿರುತ್ತಾರೆ. ಆ ತೂಕ ನೀವು, ನೀರು, ಸಾಮಾನು ಎಲ್ಲ ಸೇರಿ. 100 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ ಅಲ್ಲೇ 100 ಕೆಜಿ ಆಯಿತು. ಬಿಸಿಲಿಗೆ ಚಾಚುವ ಮೇಲ್ಛಾವಣಿ, ಸೈಕಲ್ಲು, ಎರಡನೇ ಬ್ಯಾಟರಿ ಅಂತ ಹಿಂದಿನ ಮಾಲೀಕರು ಸೇರಿಸಿದ್ದೆಲ್ಲ ನಿಮ್ಮ ಪಾಲಿನಿಂದಲೇ ಕಳೆಯುತ್ತದೆ. ಸಾಧ್ಯವಾದರೆ ಗಾಡಿ ತೂಗುವ ವೇ ಬ್ರಿಡ್ಜ್ ಮೇಲೆ ಒಂದು ಸಲ ಹತ್ತಿಸಿ.

ಈಗ ಬಾಡಿಗೆಯ ಮಾತು. ನಾಲ್ಕು ದಿನದ ಬೇಸಿಗೆ ಪ್ರವಾಸದಲ್ಲಿ ಎಲ್ಲರಿಗೂ ಹಿಡಿಸುತ್ತದೆ. ಅದು ಸುಳ್ಳು ಖುಷಿ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಬಾಗಿಲು ಸರಿಸಿದರೆ ಎದುರಿಗೇ ನೀರು, ಒಲೆಯ ಮೇಲೆ ಕಾಫಿ, ಮಗು ಇನ್ನೂ ಮೇಲಿನ ಹಾಸಿಗೆಯಲ್ಲಿ. ಅದರ ಮುಂದೆ ಯಾವ ಹೋಟೆಲ್ ರೂಮೂ ಇಲ್ಲ ಅನ್ನುವವನು ನಾನೂ. ಆದರೆ ನಾಲ್ಕು ದಿನದಲ್ಲಿ ಗೊತ್ತಾಗದ ಸಂಗತಿಗಳಿವೆ. ದಿನಾ ರಾತ್ರಿ ಮೇಜು ಮಡಚಿ ಹಾಸಿಗೆ ಮಾಡಿ, ಬೆಳಿಗ್ಗೆ ಹಾಸಿಗೆ ಮಡಚಿ ಮೇಜು ಮಾಡುವುದು ಏಳನೇ ದಿನ ಹೇಗನ್ನಿಸುತ್ತದೆ? 17ರಿಂದ 20 ಲೀಟರ್ ಹಿಡಿಯುವ ಟಾಯ್ಲೆಟ್ ಡಬ್ಬವನ್ನು ಎರಡು ಮೂರು ದಿನಕ್ಕೊಮ್ಮೆ ಹೊತ್ತು ಖಾಲಿ ಮಾಡುವವರು ಯಾರು? ದಿನವಿಡೀ ಮಳೆ ಬಂದರೆ ಮೂರು ಜೊತೆ ಒದ್ದೆ ಶೂ, ಮೂರು ಒದ್ದೆ ಜಾಕೆಟ್ ಎಲ್ಲಿ ಒಣಗುತ್ತವೆ? ಒಬ್ಬರು ಅಡುಗೆ ಮಾಡುವಾಗ ಇನ್ನಿಬ್ಬರು ಎಲ್ಲಿ ಕೂರುತ್ತಾರೆ?

ಅದಕ್ಕೇ ಈ ಸಲ ಎಂಟು ಹತ್ತು ದಿನಕ್ಕೆ ತಗೊಳ್ಳಿ. ಸೀಸನ್ ಅಲ್ಲದ, ಮಳೆಯೋ ಚಳಿಯೋ ಇರುವ ಹೊತ್ತಿನಲ್ಲಿ. ಬಾಡಿಗೆಯೂ ಆಗ ಕಡಿಮೆ. ನೀವು ಕೊಳ್ಳಬೇಕೆಂದಿರುವ ಗಾಡಿಯ ಒಳವಿನ್ಯಾಸ ಏನಿದೆಯೋ ಅಂಥದ್ದನ್ನೇ ಹುಡುಕಿ. ಹಾಸಿಗೆ ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ, ಮಗುವಿನದು ಮೇಲಿದೆಯೋ ಕೆಳಗಿದೆಯೋ, ಅಷ್ಟು ಹೊಂದಿದರೆ ಸಾಕು, ಬ್ರ್ಯಾಂಡ್ ಯಾವುದಾದರೂ ಆಗಲಿ. ಕಡೇಪಕ್ಷ ಎರಡು ರಾತ್ರಿ ಕರೆಂಟ್ ಕನೆಕ್ಷನ್ ಇಲ್ಲದ ಜಾಗದಲ್ಲಿ ಅಲುಗಾಡದೆ ನಿಲ್ಲಿಸಿ. 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿಯಲ್ಲಿ (ಆಂಪಿಯರ್ ಅವರ್ ಅಂದರೆ ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ) ಅರ್ಧ ಮಾತ್ರ ಬಳಸಬೇಕು, ಅದಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಒಂದೇ ದಿನಕ್ಕೆ 30ರಿಂದ 50 ಆಂಪಿಯರ್ ಅವರ್ ತಿನ್ನುತ್ತದೆ. ಎರಡನೇ ದಿನ ಬೆಳಿಗ್ಗೆ ಏನಾಗುತ್ತದೆ ಅಂತ ನೀವೇ ಕಣ್ಣಾರೆ ನೋಡಿ. ಇದನ್ನೆಲ್ಲ ಬೇರೆಯವರ ಗಾಡಿಯಲ್ಲಿ ಕಲಿಯುವುದು ತುಂಬಾ ಅಗ್ಗ.

ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಾತ್ರಿ ದರದ ಹೊರಗೆ ಏನೇನಿದೆ ಕೇಳಿ. ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಮಿತಿ, ಹಾಸಿಗೆ ಪಾತ್ರೆಗೆ ಬೇರೆ ದುಡ್ಡು, ಕ್ಲೀನಿಂಗ್ ಚಾರ್ಜು, ಡಿಪಾಸಿಟ್. ಏನಾದರೂ ಆದರೆ ಇನ್ಶೂರೆನ್ಸ್ ಕೊಡುವ ಮೊದಲು ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದು ಮುಖ್ಯ. ಚಾವಣಿ, ತಳಭಾಗ, ಟೈರು, ಗಾಜು ಇವಕ್ಕೆ ಎಷ್ಟೋ ಸಲ ಕವರ್ ಇರುವುದಿಲ್ಲ. ಕಾರ್ ಓಡಿಸಿ ಅಭ್ಯಾಸ ಇರುವವರು ಗಾಡಿಯ ಎತ್ತರ ಮರೆತು ಚಾವಣಿಯನ್ನೇ ತಾಗಿಸುತ್ತಾರೆ, ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ. ಗಾಡಿ ಕೈಗೆ ಬಂದ ಕೂಡಲೇ ಸುತ್ತಲೂ ವಿಡಿಯೋ ಮಾಡಿ, ಮೇಲ್ಭಾಗವೂ ಸೇರಿ. ಈ ಖರ್ಚನ್ನೆಲ್ಲ ಸೇರಿಸಿ ರಾತ್ರಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ನಿಜವಾದ ರಾತ್ರಿ ಬಾಡಿಗೆ. ಮೇಲಿನ ಲೆಕ್ಕದಲ್ಲಿ ಆ ಅಂಕಿಯನ್ನೇ ಹಾಕಿ.

ಕೊಂಡು, ನಾವು ಬಳಸದಾಗ ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಖರ್ಚು ಸರಿದೂಗಿಸಬಹುದಲ್ವಾ ಅಂತ ನಿಮ್ಮ ಯಜಮಾನರು ಕೇಳಬಹುದು. ಕೊಡಬಹುದು. ಆದರೆ ಸ್ವಂತ ಬಳಕೆಯ ಇನ್ಶೂರೆನ್ಸ್ ಬಾಡಿಗೆಗೆ ಕೊಟ್ಟಾಗ ಸಾಮಾನ್ಯವಾಗಿ ನಡೆಯುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಜನ ಕೇಳುವುದೂ ಶಾಲೆ ರಜೆಯಲ್ಲೇ, ನಿಮಗೆ ಬೇಕಾದ ವಾರಗಳಲ್ಲೇ. 11 ವರ್ಷದ ಗಾಡಿಯ ಮೇಲೆ ಈ ಆಸೆ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ನಂಬಿಕೆಯ ಇನ್ನೊಂದು ಮನೆಯವರ ಜೊತೆ ಪಾಲಿನಲ್ಲಿ ಕೊಳ್ಳುವುದು ನನಗೆ ಇದಕ್ಕಿಂತ ಇಷ್ಟ. ಖರ್ಚು ಅರ್ಧ, ಗಾಡಿಯೂ ನಿಂತು ಕೊಳೆಯುವುದಿಲ್ಲ. ಅವರ ಮಕ್ಕಳು ಬೇರೆ ಶಾಲೆಗೆ ಹೋಗುತ್ತಿದ್ದು ರಜೆ ಬೇರೆ ವಾರ ಬಂದರಂತೂ ಇನ್ನೂ ಒಳ್ಳೆಯದು. ರಿಪೇರಿ ದುಡ್ಡು ಹೇಗೆ, ಬಿಟ್ಟು ಹೋಗಬೇಕಾದರೆ ಹೇಗೆ ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಲೆಕ್ಕದಲ್ಲಿ ಸೋತರೂ ಕೊಳ್ಳುವುದೇ ಸರಿ ಅನ್ನಿಸುವ ಮನೆಗಳೂ ಇವೆ. ಶುಕ್ರವಾರ ಮಧ್ಯಾಹ್ನ ಆಕಾಶ ನೋಡಿ ಸಂಜೆಗೆ ಹೊರಟುಬಿಡುವವರು. ನಾಯಿ ಸಾಕಿರುವವರು. ಗಾಡಿಯ ಕೆಳಗೆ ಮಲಗಿ ಬೋಲ್ಟ್ ಬಿಗಿ ಮಾಡುವುದರಲ್ಲೇ ಭಾನುವಾರ ಕಳೆಯಲು ಇಷ್ಟಪಡುವವರು. ನಿಮ್ಮ ಮನೆಯಲ್ಲಿ ಅಂಥವರು ಯಾರಾದರೂ ಇದ್ದಾರಾ? ಇದ್ದರೆ ನನ್ನ 25 ರಾತ್ರಿಯನ್ನು 18 ಅಂತ ಮಾಡಿಕೊಳ್ಳಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ನಿಲ್ಲಿಸುವ ಜಾಗ ಮನೆಯ ಹತ್ತಿರವೇ ಇರಲಿ. ದೂರದ ಗೋಡೌನಿನಲ್ಲಿ ನಿಂತ ಗಾಡಿಯನ್ನು ವಾರಾಂತ್ಯಕ್ಕೆ ಅಂತ ಯಾರೂ ತರಲು ಹೋಗುವುದಿಲ್ಲ. ಈಗಿರುವ ಪಾರ್ಕಿಂಗ್‌ಗೆ ಚಾವಣಿ ಇದ್ದರೆ ಅದರ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಮೇಲಕ್ಕೆ ಏಳುವ ಚಾವಣಿಯ ಚಿಕ್ಕ ಕ್ಯಾಂಪರ್‌ಗಳು ಮಡಚಿದಾಗ ಸುಮಾರು 2 ಮೀಟರ್ ಇರುತ್ತವೆ. ಒಳಗೆ ನಿಂತು ಓಡಾಡುವಷ್ಟು ಎತ್ತರದವು ಸುಲಭವಾಗಿ 2.6 ಮೀಟರ್ ದಾಟುತ್ತವೆ.

ಭಾನುವಾರ ಮಾರುವವರಿಗೆ ಒಂದು ಫೋನ್ ಮಾತ್ರ ಮಾಡಿ. ಎರಡು ಪ್ರಶ್ನೆ ಕೇಳಿ. ತೇವದ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು, ಅದರ ಕಾಗದ ಇದೆಯಾ? ನಮ್ಮ ಖರ್ಚಿನಲ್ಲಿ ನಾವೇ ಒಬ್ಬರನ್ನು ಕರೆತಂದು ಮೀಟರ್ ಹಿಡಿಸಿ ನೋಡಬಹುದಾ? ಕಾಗದ ಇದೆ, ಧಾರಾಳವಾಗಿ ಬನ್ನಿ ಅಂದರೆ, ಆ ಗಾಡಿಯ ಬಗ್ಗೆ ನನಗೆ ಮತ್ತೆ ಬರೆಯಿರಿ. ಮೀಟರ್ ತೋರಿಸಿದ ಅಂಕಿ, ಟೈರಿನ ನಾಲ್ಕು ಅಂಕಿ, ಮಗಳ ಸೀಟು ಕೂತಿತೋ ಇಲ್ಲವೋ, ಇಷ್ಟು ತಿಳಿಸಿ. ಈ ವರ್ಷ ಬೇಡ ಅಂದ ಮಾತನ್ನು ಬದಲಿಸಬೇಕಾದರೆ ಸಂತೋಷವಾಗಿ ಬದಲಿಸುತ್ತೇನೆ. ಪಾರ್ಟಿ ಕಾಯುತ್ತಿದೆ, ಅದಕ್ಕೆಲ್ಲ ಟೈಮ್ ಇಲ್ಲ ಅಂದರೆ, ಆ ಪಾರ್ಟಿಗೇ ಹೋಗಲಿ ಬಿಡಿ.